ಹತ್ತಿಯ ಕೆಮ್ಮು

ಊರಿನ ಮುದುಕರೆಲ್ಲ ಸಂಜೆ ತಮ್ಮ ಕೆಮ್ಮನ್ನು ಭರಣಿಗೆ ತುಂಬಿ, ವಾರ್ಡಿನ ಕೆಮ್ಮಿನ ಮನೆಯಲ್ಲಿಟ್ಟು, ನೆಮ್ಮದಿಯಾಗಿ ನಿದ್ದೆ ಮಾಡಿ, ಬೆಳಗ್ಗೆ ಬಂದು ಒಯ್ಯುತ್ತಿದ್ದರು. ಕಾಶವ್ವನೂ ಎಂದಿನಂತೆ ತಾನು ಕಟ್ಟಿದ ನೂಲಿನ ಗಂಟು ನೋಡಿ ಭರಣಿ ಎತ್ತಿಕೊಂಡಳು. ಮುಚ್ಚಳ ತೆಗೆದು ಒಂದೇ ಉಸಿರಿಗೆ ಒಳಗೆಳೆದುಕೊಂಡಳು.

ಬಂದದ್ದು ‘ಖುಕ್’ ಎಂಬ ಮೆತ್ತನೆಯ ಕೆಮ್ಮು, ಬೀಗರ ಮನೆಯಲ್ಲಿ ಬಾಗಿಲಾಚೆ ನಿಂತವರು ಕೆಮ್ಮುವಂಥದ್ದು. ಹತ್ತಿಯ ಮಿಲ್ಲಿನ ಧೂಳು ಕುಡಿದು ಬೆಳೆದ, ಪಕ್ಕೆಲುಬು ಅಲುಗಿಸುವ ತನ್ನ ಕೆಮ್ಮು ಎಲ್ಲಿ ಹೋಯಿತು? ಇವತ್ತೇ ಡಾಕ್ಟರು ಅದನ್ನು ಕೇಳಿ, ಮಿಲ್ಲು ಪರಿಹಾರ ಕೊಡಬೇಕೋ ಬೇಡವೋ ಹೇಳುವವರಿದ್ದರು.

“ಗುರುಸಿದ್ದಾ, ಇದು ನಂದಲ್ಲೋ ಯಪ್ಪಾ.”

“ಗಂಟು ನಿಂದ ಐತಲ್ಲಬೇ?” ಎಂದ ಕಾವಲಿನವನು. “ಕೆಮ್ಮು ಕಡಿಮಿ ಆತಂತ ಅಳವ್ರನ್ನ ನಾ ಇವತ್ತ ನೋಡಿದ್ನಿ!”

ಕಾಶವ್ವನ ಎದೆ ಹೂವಿನಷ್ಟು ಹಗುರಾಗಿತ್ತು. ನಿಜವಾಗಿಯೂ ವಾಸಿಯಾಯಿತೇ? ವಾಸಿಯಾದದ್ದಕ್ಕೆ ತಾನು ಜಗಳ ತೆಗೆಯಬೇಕೇ? ಅಷ್ಟರಲ್ಲಿ ಮಿಲ್ಲಿನಲ್ಲಿ ಜೊತೆಗೆ ದುಡಿದ ಹುಸೇನಬಿ ತನ್ನ ಭರಣಿ ತೆರೆದಳು. ‘ಖುಕ್.’ ಅವಳ ಹಿಂದಿದ್ದ ರತ್ನವ್ವನಿಗೂ ಅದೇ ‘ಖುಕ್.’

“ಮಿಲ್ಲಿನವ್ರಿಗೆಲ್ಲಾ ಒಂದ ಕೆಮ್ಮು ಹೆಂಗ ಬಂತೋ?” ಎಂದಳು ಕಾಶವ್ವ.

ಗುರುಸಿದ್ದ ತಲೆ ತಗ್ಗಿಸಿದ. “ನಿನ್ನೆ ಮಾಲಕರ ಗಾಡಿ ಬಂದಿತ್ತವ್ವಾ. ಭರಣಿ ತೊಳದು ಕೊಡ್ತೀವಿ ಅಂದ್ರು.”

ಕಾಶವ್ವ ಬಾಗಿಲಿಗೆ ಅಡ್ಡವಾಗಿ ಕುಳಿತಳು. ಉಳಿದವರೂ ಕುಳಿತರು.

“ನಮ್ಮ ಕೆಮ್ಮು ನಮಗ ಕೊಡ್ರಿ!”

ಕೂಗು ಮಿಲ್ಲಿನ ಗೇಟಿನವರೆಗೂ ಹೋಯಿತು. ಇಷ್ಟು ದೊಡ್ಡದಾಗಿ ಅವಳು ಜನ್ಮದಲ್ಲಿ ಕೂಗಿರಲಿಲ್ಲ. ಇಷ್ಟು ಉಸಿರು ಎಂದೂ ಇರಲಿಲ್ಲ.