ಹಳದಿ ಕಲ್ಲಿನ ಚಾದಂಗಡಿ

ಕೆಟ್ಟ ಲಿವರನ್ನೋ ಕಿಡ್ನಿಯನ್ನೋ ಆಸ್ಪತ್ರೆಯವರು ಮೈಯಿಂದ ತೆಗೆದು ತಮ್ಮಲ್ಲೇ ಇಟ್ಟುಕೊಂಡು ನಡೆಸುತ್ತಾರೆ. ಆಮೇಲೆ ರೋಗಿ ಆ ಊರ ಗಡಿಯ ಹಳದಿ ಕಲ್ಲು ದಾಟಿದರೆ ಜೀವ ಹೋಗುತ್ತದೆ. ಹಾಗಾಗಿ ಆಸ್ಪತ್ರೆ ಆರಿಸುವುದೆಂದರೆ ಸಾಯುವತನಕ ಇರುವ ಊರನ್ನು ಆರಿಸುವುದು.

ಫಕೀರೇಶ ಅಪ್ಪನಿಗೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಗೊತ್ತುಮಾಡಿದ್ದ. ಬಸ್ಸಿಗೆ ನಿಂತಾಗ ಅಪ್ಪ ಅಣ್ಣಿಗೇರಿಯ ಸಣ್ಣ ಆಸ್ಪತ್ರೆಯೇ ಆಗಬೇಕೆಂದು ಹಟ ಹಿಡಿದ.

"ಅಲ್ಲಿ ಡಾಕ್ಟರ್ ವಾರಕ್ಕೊಮ್ಮೆ ಬರ್ತಾನ. ಸಾಯಾಕ ಹೊಂಟೀಯೇನ್ ಯಪ್ಪಾ?" ಫಕೀರೇಶ ಒದರಿದ.

"ಅಣ್ಣಿಗೇರಿ ಕಲ್ಲು, ಗದಗಿನ ಕಲ್ಲು ಎರಡೂ ಒಂದ ಚಾದಂಗಡಿ ಮುಂದ ಅದಾವಲೇ."

ಅವ್ವನ ಕಿಡ್ನಿ ಗದಗಿನಲ್ಲಿತ್ತು; ಆಕೆ ಆ ಊರಿನ ಕಲ್ಲು ದಾಟುವಂತಿರಲಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ಲಿವರ್ ಇಟ್ಟುಕೊಳ್ಳುವುದಿಲ್ಲ.

"ಕಪ್ಪಿನಾಗಿಂದು ನಾ ಕುಡಿದು, ಬಸಿಗೆ ಸುರುವಿದ್ದು ಕಲ್ಲಿನಾಚೆ ನಿಂತ ಆಕಿಗೆ ಚಾಚತೀನಿ. ಆಕಿ ಕೈಗೆ ಮುಟ್ಟತೈತಿ," ಎಂದ ಅಪ್ಪ.

ಹುಬ್ಬಳ್ಳಿ ಬಸ್ಸು ಬಂತು, ಹೋಯಿತು.

"ಆಕಿಗೆ ಬಿಸಿ ಚಾ ಕುಡಿಸಿ ಬಾಯಿ ಸುಡಬ್ಯಾಡ," ಎಂದು ಗದರುತ್ತಲೇ ಫಕೀರೇಶ ಅಣ್ಣಿಗೇರಿ ಬಸ್ಸಿಗೆ ಕೈ ಮಾಡಿದ.