ಎರವಲು ಫೀಲ್ಡರ್

"ಔಟ್ ಕೊಟ್ಟೋನು ಯಾರು?" ಕ್ಯಾಪ್ಟನ್ ಹಾಸಿಗೆಯಿಂದ ಅರ್ಧ ಎದ್ದು ಕೇಳಿದರು.

"ನಾನೇ ಕಣಯ್ಯ," ಎಂದರು ದರ್ಜಿ. "ಕ್ಯಾಚ್ ಸರಿಯಾಗೇ ಇತ್ತು."

ಬ್ಯಾಟಿಂಗ್ ಮಾಡುವವರ ಕಡೆಯವರೇ ಅಂಪೈರ್ ಆಗುತ್ತಿದ್ದ ಕಾಲ. ತನ್ನ ಕ್ಯಾಪ್ಟನ್‌ಗೇ ಬೆರಳೆತ್ತಿದ ಅಪರೂಪದ ಮನುಷ್ಯ ಈ ದರ್ಜಿ. ಹಳ್ಳಿಯ ಹಳೇ ತಂಡದಲ್ಲಿ ಈಗ ಉಳಿದವರು ಇವರಿಬ್ಬರೇ. ಒಬ್ಬರಿಗೆ ಮೊಣಕಾಲಿಲ್ಲ, ಇನ್ನೊಬ್ಬರಿಗೆ ನೆನಪಿಲ್ಲ.

ಮರೆವಿಗೂ ನಾಲಿಗೆ ರುಚಿ ಇರುತ್ತದೆ. ಕ್ಯಾಪ್ಟನ್ನರ ಮಗನನ್ನು, ದುಡಿದ ಅಂಚೆ ಕಚೇರಿಯನ್ನು, ಬಚ್ಚಲಿನ ದಾರಿಯನ್ನು ತಿಂದು ಮುಗಿಸಿದ ಅದು ಕ್ರಿಕೆಟ್ಟನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸಿಟ್ಟಿತ್ತು.

ಹೆಂಡತಿಯನ್ನೂ ತಿಂದಿತ್ತು. ಮಾತ್ರೆ ಕೊಡುವಾಗ ಆಕೆ ಕೇಳುತ್ತಿದ್ದರು:

"ನಾನು ಯಾರು ಹೇಳಿ?"

"ನರ್ಸಮ್ಮ."

"ಸರಿಯಾಗಿ ನೋಡಿ."

"ಹೊಸ ನರ್ಸಮ್ಮ."

ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೋಗುವ ಮುಂಚೆ ಒಂದೇ ಒಂದು ಸಲ ಗಂಡ ಗುರುತು ಹಿಡಿದರೆ ಸಾಕು ಎಂಬುದಷ್ಟೇ ಆಕೆಯ ಆಸೆ. ಅದಕ್ಕೇ ದರ್ಜಿಯನ್ನು ಕರೆಸುತ್ತಿದ್ದುದು. ಆಟದ ಬಾಲ ಹಿಡಿದು ಸಂಸಾರದ ತನಕ ಬಂದಾರು ಎಂಬ ಲೆಕ್ಕ.

ಕ್ಯಾಪ್ಟನ್ ಬರುತ್ತಿದ್ದುದು ಪಕ್ಕದೂರಿನ ಪಂದ್ಯದ ತನಕ ಮಾತ್ರ.

"ಗೆಲ್ಲೋ ಮ್ಯಾಚು. ಆ ಎರವಲಿನಿಂದ ಹಾಳಾಯ್ತು."

ಅಂದು ಪಕ್ಕದೂರಿನ ತಂಡದಲ್ಲಿ ಒಬ್ಬನಿಗೆ ಜ್ವರ. ಆಳು ಕಡಿಮೆ ಬಿದ್ದರೆ ಬೇಲಿ ಹತ್ತಿರ ನಿಂತವರನ್ನು ಎರವಲು ಎಳೆದುಕೊಳ್ಳುವುದು ಆಗಿನ ರೂಢಿ. ಹಾಗೆ ಬಂದ ಎರವಲಿಗೆ ಕಣ್ಣು ಮುಚ್ಚುವ ಟೋಪಿ, ಮೊಣಕಾಲಿಗಿಳಿದ ಅಂಗಿ, ಬಾಯಲ್ಲಿ ಮಾತಿಲ್ಲ. ಕ್ಯಾಪ್ಟನ್ ಬೀಸಿದ ಚೆಂಡನ್ನು ಪಾದದ ಹತ್ತಿರ, ಎಡಗೈಯಲ್ಲಿ ಹಿಡಿಯಿತು. ಆಟ ಮುಗಿಯುವಷ್ಟರಲ್ಲಿ ಮಾಯವಾಯಿತು. ಮುಂದೆ ಅದೇ ಊರಿನ ಅಳಿಯನಾದ ಕ್ಯಾಪ್ಟನ್, ಮಾವನ ಮನೆಗೆ ಹೋದಾಗಲೆಲ್ಲ ಬೈಯುತ್ತಲೇ ಹುಡುಕಿದ್ದರು.

"ನಿಮ್ಮೂರೇ ಅಲ್ವಾ ಅತ್ತಿಗೆ," ದರ್ಜಿ ಕೆಣಕಿದರು. "ಅದ್ಯಾರು ಅಂತ ಹೇಳಿಬಿಡಿ, ಮನುಷ್ಯ ನೆಮ್ಮದಿಯಾಗಿರ್ಲಿ."

"ನನ್ನ ಕೇಳ್ತೀರಲ್ಲ. ನಮ್ಮಪ್ಪ ಹೆಣ್ಮಕ್ಕಳನ್ನ ಮೈದಾನದ ಕಡೆ ತಲೆ ಹಾಕೋಕೂ ಬಿಡ್ತಿರಲಿಲ್ಲ." ಆಕೆ ಹಾಲಿನ ಲೋಟವನ್ನು ಗಂಡನ ಕೈಗಿಟ್ಟರು.

ಲೋಟ ಜಾರಿತು. ನೆಲ ಮುಟ್ಟುವ ಮೊದಲೇ ಅದು ಆಕೆಯ ಎಡಗೈಯಲ್ಲಿತ್ತು.

ಕ್ಯಾಪ್ಟನ್ ನೋಡಿದರು. ತಿಂಗಳುಗಳಿಂದ ಆರಿಹೋಗಿದ್ದ ಕಣ್ಣು ಹೊತ್ತಿಕೊಂಡಿತು. ಬೆರಳು ನಿಧಾನವಾಗಿ ಆಕೆಯತ್ತ ಎದ್ದಿತು. ಆಕೆ ಮುಖವನ್ನು ಇನ್ನಷ್ಟು ಹತ್ತಿರ ತಂದರು.

"ಇದೇ," ಎಂದರು ಕ್ಯಾಪ್ಟನ್. "ಇದೇ ಆ ಎರವಲು. ಆಚೆ ಕಳಿಸ್ರೋ ಇದನ್ನ." ಗೋಡೆಯ ಕಡೆ ಹೊರಳಿ ಮಲಗಿದರು.

"ಮನಸ್ಸಿಗೆ ಹಚ್ಕೋಬೇಡಿ ಅತ್ತಿಗೆ. ಯಾರನ್ನೋ ಯಾರೋ ಅಂದ್ಕೊಂಡ."

"ಇಲ್ಲ." ಆಕೆ ಲೋಟವನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದರು. "ಅವತ್ತು ಜ್ವರ ಬಂದಿದ್ದು ನಮ್ಮಣ್ಣನಿಗೆ. ಟೋಪಿ ಅವನದು."