ಸ್ಟುಡಿಯೊ ಮುಂದಿನ ಕೆರೆ

ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಧಾರೆ, ಆರತಿ, ಊಟದ ಪಂಕ್ತಿ ತೆಗೆದೂ ತೆಗೆದೂ ಫೋಟೊಗ್ರಾಫರನಿಗೆ ಕ್ಯಾಮೆರಾ ಕಂಡರೆ ಆಕಳಿಕೆ ಬರುತ್ತಿತ್ತು. ಹುಮ್ಮಸ್ಸು ಮರಳಲೆಂದು ವಿಚಿತ್ರವಾದೊಂದು ಲೆನ್ಸ್ ತರಿಸಿದ. ನೆಲಕ್ಕೆ ತಾಗಿಸಿ ಹಿಡಿದರೆ ಅದರಲ್ಲಿ ಇರುವೆಯೂ ಎಮ್ಮೆಯಾಗಿ ಕಾಣುತ್ತಿತ್ತು. ಸ್ಟುಡಿಯೊ ಮುಂದಿನ ರಸ್ತೆಗುಂಡಿಯ ಪಕ್ಕ ಬೋರಲು ಮಲಗಿ, ನಿಂತ ನೀರಿನಲ್ಲಿ ಸೂರ್ಯೋದಯ ಹಿಡಿದ. ತಮಾಷೆಗೆ ಅದನ್ನು 'ನಮ್ಮೂರ ಕೆರೆ' ಎಂಬ ಸರ್ಕಾರಿ ಸ್ಪರ್ಧೆಗೆ ಕಳಿಸಿದ. ಮೊದಲ ಬಹುಮಾನ ಬಂತು.

ಅದರ ಬೆನ್ನಿಗೇ ಅಧಿಕಾರಿಯೊಬ್ಬರು ಫೋಟೊ ಹಿಡಿದುಕೊಂಡು ಸ್ಟುಡಿಯೊಗೆ ಬಂದರು.

"ಎಲ್ಲಿದೇರಿ ಈ ಕೆರೆ?"

ಫೋಟೊಗ್ರಾಫರ್ ಬೆವರುತ್ತ ಬಾಗಿಲಾಚೆ ತೋರಿಸಿದ. "ತಪ್ಪಾಯ್ತು ಸಾರ್. ಅದೇ ಗುಂಡಿ. ಎಲ್ಲಾ ಲೆನ್ಸ್ ಮಹಿಮೆ. ಬಹುಮಾನ ವಾಪಸ್ ತಗೊಂಡ್ಬಿಡಿ."

ಅಧಿಕಾರಿ ಫೋಟೊ ನೋಡಿದರು, ಗುಂಡಿ ನೋಡಿದರು. ಆಮೇಲೆ ಚೀಲದಿಂದ ಟೇಪು ತೆಗೆದು ಗುಂಡಿಯಿಂದ ಸ್ಟುಡಿಯೊ ಮೆಟ್ಟಿಲವರೆಗೆ ಅಳೆದರು.

"ಗುಂಡಿ ಅನ್ಬೇಡಿ. ಈ ಊರಿನ ಗುಂಡಿಯೆಲ್ಲ ಮುಚ್ಚಾಯ್ತು ಅಂತ ಹೋದ ವರ್ಷ ನಾನೇ ಸಹಿ ಹಾಕಿದೀನಿ."

"ಮತ್ತೆ ಇದೇನು ಸಾರ್?"

"ಕೆರೆ. ನಿಮ್ಮ ಸ್ಟುಡಿಯೊ ಒತ್ತುವರಿ. ವಾರದೊಳಗೆ ಖಾಲಿ ಮಾಡಿ."